ಪಾರಿವಾಳದ ಮೇದೋಜೀರಕದಲ್ಲಿ ಕಂಡದ್ದು

ಜೀವಕೋಶದ ಪೊರೆಯಲ್ಲಿರುವ ಕೊಬ್ಬು ಹೊರಗಿನ ಸುದ್ದಿಯನ್ನು ಒಳಕ್ಕೆ ಮುಟ್ಟಿಸುತ್ತದೆ ಎಂಬುದು ಇವತ್ತು ವೈದ್ಯಕೀಯ ವಿದ್ಯಾರ್ಥಿಗಳಿಗೆ ಮೊದಲ ವರ್ಷದ ಪಾಠ. ಆ ಪಾಠ ಸಾಮಾನ್ಯವಾಗಿ 1983ರ ಒಂದು ಶೋಧದಿಂದ ಶುರುವಾಗುತ್ತದೆ. ನನ್ನ ಮಟ್ಟಿಗೆ ಅದು ಮೂವತ್ತು ವರ್ಷ ತಡವಾದ ಆರಂಭ. ಮೇಬಲ್ ಹೋಕಿನ್ ಮತ್ತು ಲೋವೆಲ್ ಹೋಕಿನ್ 1953ರಲ್ಲಿ 'ಜರ್ನಲ್ ಆಫ್ ಬಯಾಲಾಜಿಕಲ್ ಕೆಮಿಸ್ಟ್ರಿ'ಯಲ್ಲಿ ಪ್ರಕಟಿಸಿದ ಚಿಕ್ಕ ಲೇಖನವನ್ನು ಬಿಟ್ಟು ಈ ವಿಷಯ ಕಲಿತವರಿಗೆ ಉತ್ತರ ಸಿಗುತ್ತದೆ, ಪ್ರಶ್ನೆ ಹುಟ್ಟಿದ್ದು ಎಲ್ಲಿ ಎಂಬುದು ಸಿಗುವುದಿಲ್ಲ. ಆ ಲೇಖನದ ಗುಣ ದೋಷ ಎರಡನ್ನೂ ಬಿಡಿಸಿ ನೋಡಬೇಕೆನ್ನಿಸುವುದು ಅದಕ್ಕೇ.

ಲೋವೆಲ್ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ, ಹಾನ್ಸ್ ಕ್ರೆಬ್ಸ್ ಅವರ ವಿಭಾಗದಲ್ಲಿ, ಪಾರಿವಾಳದ ಮೇದೋಜೀರಕ ಗ್ರಂಥಿಯ ತೆಳು ಚೂರುಗಳನ್ನು ದ್ರಾವಣದಲ್ಲಿ ಜೀವಂತವಾಗಿಟ್ಟು ಅವು ಅಮೈಲೇಸ್ ಕಿಣ್ವವನ್ನು ತಯಾರಿಸಿ ಹೊರಬಿಡುವುದನ್ನು ಅಳೆದಿದ್ದರು. ಮೇಬಲ್ ಶೆಫೀಲ್ಡಿನವರೇ. ಆಮೇಲೆ ಇಬ್ಬರೂ ಕೆನಡಾದ ಮಾಂಟ್ರಿಯಲ್‌ಗೆ, ಜೂಡಾ ಕ್ವಾಸ್ಟೆಲ್ ಅವರ ಪ್ರಯೋಗಾಲಯಕ್ಕೆ ಹೋದರು. ಅಲ್ಲಿ ಹುಡುಕಲು ಹೊರಟಿದ್ದು ಕೊಬ್ಬನ್ನಲ್ಲ. ಕಿಣ್ವ ಸ್ರವಿಸುವಾಗ ಆರ್‌ಎನ್‌ಎ ಹೆಚ್ಚು ಚುರುಕಾಗುತ್ತದೆಯೇ ಎಂಬುದು ಅವರ ಪ್ರಶ್ನೆ. ಚೂರುಗಳಿಗೆ ವಿಕಿರಣಶೀಲ ರಂಜಕ-32 ಉಣಿಸಿ, ನರಗಳ ಸಂದೇಶವಾಹಕವಾದ ಅಸಿಟೈಲ್‌ಕೋಲಿನ್‌ನಿಂದ ಗ್ರಂಥಿಯನ್ನು ಕೆರಳಿಸಿದಾಗ ಆರ್‌ಎನ್‌ಎ ಭಾಗದಲ್ಲಿ ವಿಕಿರಣ ಏರಿದಂತೆ ಕಂಡಿತು. ಆ ಭಾಗವನ್ನು ಇನ್ನಷ್ಟು ಶುದ್ಧಮಾಡಿದಾಗ ಏರಿಕೆ ಮಾಯವಾಯಿತು. ವಿಕಿರಣ ಬಂದಿದ್ದು ಜೊತೆಗೆ ಉಳಿದುಕೊಂಡಿದ್ದ ಫಾಸ್ಫೊಲಿಪಿಡ್‌ನ ಅಂಶದಿಂದ.

ಬಹುತೇಕ ಪ್ರಯೋಗಾಲಯಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಕಲ್ಮಷ ಎಂದು ತೊಳೆದು ಚೆಲ್ಲಿ, ಆರ್‌ಎನ್‌ಎ ಬದಲಾಗಲಿಲ್ಲ ಎಂದು ಬರೆದರೆ ಕೆಲಸ ತೀರಿತು. ಹೋಕಿನ್‌ರು ತೊಳೆದು ಚೆಲ್ಲಬೇಕಾಗಿದ್ದ ಆ ಕೊಬ್ಬನ್ನೇ ಎತ್ತಿಕೊಂಡರು. ಅಸಿಟೈಲ್‌ಕೋಲಿನ್ ಸೋಕಿದ ಚೂರುಗಳ ಫಾಸ್ಫೊಲಿಪಿಡ್ ಹಲವು ಪಟ್ಟು ಹೆಚ್ಚು ರಂಜಕ ಹೀರಿತ್ತು. ಅಟ್ರೋಪಿನ್ ಹಾಕಿ ಅಸಿಟೈಲ್‌ಕೋಲಿನ್‌ನ ದಾರಿ ಕಟ್ಟಿದರೆ ಆ ಹೆಚ್ಚಳವೂ ನಿಂತಿತು. ಎರಡು ವರ್ಷದ ನಂತರ ಇದು ಎಲ್ಲ ಕೊಬ್ಬಿಗೂ ಆಗುವ ಮಾತಲ್ಲ ಎಂದೂ ತೋರಿಸಿದರು: ಏರಿಕೆ ಹೆಚ್ಚಾಗಿ ಫಾಸ್ಫಾಟಿಡೈಲ್ ಇನೊಸಿಟಾಲ್ ಮತ್ತು ಫಾಸ್ಫಾಟಿಡಿಕ್ ಆಮ್ಲ ಎಂಬೆರಡರಲ್ಲಿ. ಪೊರೆಯ ಫಾಸ್ಫೊಲಿಪಿಡ್‌ಗಳಲ್ಲಿ ಇವು ಅಲ್ಪಸಂಖ್ಯಾತರು. ಹೇರಳವಾಗಿರುವ ಲೆಸಿಥಿನ್ ಅಷ್ಟಾಗಿ ಅಲುಗದೆ ಇರುವಾಗ ಮೂಲೆಯ ಈ ಎರಡು ಮಾತ್ರ ಏಕೆ ಚಡಪಡಿಸುತ್ತವೆ? ಈ ಪ್ರಶ್ನೆಯನ್ನು ಎದುರಿಗೆ ಇಟ್ಟಿದ್ದೇ ಆ ಲೇಖನಗಳ ದೊಡ್ಡ ಸಾಧನೆ ಎಂದು ನಾನು ನಂಬುತ್ತೇನೆ. ಮೊದಲ ಲೇಖನದಲ್ಲಿ ಮೊದಲು ಇರುವ ಹೆಸರು ಮೇಬಲ್ ಅವರದು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. 'ಹೋಕಿನ್ ದಂಪತಿ' ಎಂದು ಬರೆಯುವಾಗ ಅದು ಕಣ್ಣಿಗೆ ಬೀಳುವುದಿಲ್ಲ.

ಇನ್ನು ದೋಷದ ಮಾತು. ರಂಜಕ-32 ಎಷ್ಟು ಸೇರಿತು ಎಂದು ಅಳೆಯುವ ವಿಧಾನ ಕೊಬ್ಬಿನ ಅಣು ಹೊಸದಾಗಿ ಕಟ್ಟಿಕೊಳ್ಳುವುದನ್ನಷ್ಟೇ ತೋರಿಸಬಲ್ಲದು. ರಸ್ತೆಗೆ ಎಷ್ಟು ಲೋಡು ಜಲ್ಲಿ ಬಂದು ಬಿತ್ತು ಎಂದು ಎಣಿಸಿದವರಿಗೆ ರಿಪೇರಿ ನಡೆಯುತ್ತಿರುವುದು ಗೊತ್ತಾಗುತ್ತದೆ, ರಸ್ತೆ ಅಗೆದವರು ಯಾರು, ಯಾಕೆ ಅಗೆದರು ಎಂಬುದು ಗೊತ್ತಾಗುವುದಿಲ್ಲ. ಅಸಿಟೈಲ್‌ಕೋಲಿನ್ ನಿಜಕ್ಕೂ ಮಾಡುತ್ತಿದ್ದುದು ಇನೊಸಿಟಾಲ್ ಕೊಬ್ಬನ್ನು ಒಡೆಯುವ ಕೆಲಸ. ಒಡೆದು ಉಳಿದ ಡೈಅಸೈಲ್‌ಗ್ಲಿಸರಾಲ್‌ಗೆ ಎಟಿಪಿಯಿಂದ ರಂಜಕ ಸೇರಿ ಫಾಸ್ಫಾಟಿಡಿಕ್ ಆಮ್ಲ, ಅದರಿಂದ ಮತ್ತೆ ಇನೊಸಿಟಾಲ್ ಕೊಬ್ಬು. ವಿಕಿರಣಮಾಪಕ ಎಣಿಸಿದ್ದು ಈ ಮರುಕಟ್ಟುವಿಕೆಯನ್ನು. ಸಂದೇಶ ಹೋಗಿ ಮುಗಿದ ಮೇಲಿನ ರಿಪೇರಿಯನ್ನೇ ಮುಖ್ಯ ಘಟನೆ ಎಂದು ಓದಿದ್ದರಿಂದ ವಿವರಣೆ ದಾರಿ ತಪ್ಪಿತು.

ತಪ್ಪಿದ್ದು ಸಣ್ಣ ದೂರವೇನಲ್ಲ. 1956ರ ಹೊತ್ತಿಗೆ ಅವರು, ಕಿಣ್ವವನ್ನು ಕೋಶದಿಂದ ಆಚೆ ಸಾಗಿಸುವ ಕೆಲಸದಲ್ಲಿ ಫಾಸ್ಫೊಲಿಪಿಡ್ ನೇರವಾಗಿ ಕೈಜೋಡಿಸುತ್ತದೆ ಎಂದು ವಾದಿಸುತ್ತಿದ್ದರು. ಆಮೇಲೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಡಲ ಹಕ್ಕಿಗಳ ಉಪ್ಪಿನ ಗ್ರಂಥಿಯನ್ನು ಹಿಡಿದು, ಸೋಡಿಯಂ ಅನ್ನು ಪೊರೆಯಾಚೆ ಹೊರುವುದು ಫಾಸ್ಫಾಟಿಡಿಕ್ ಆಮ್ಲವೇ ಎಂದರು. ಎರಡನೆಯದು ನಿಲ್ಲಲಿಲ್ಲ. ಸೋಡಿಯಂ ಸಾಗಿಸುವುದು ಪ್ರೋಟೀನ್ ಪಂಪು ಎಂದು ಬೇರೆ ಕಡೆಯಿಂದ ಖಚಿತವಾಯಿತು. ಈ ಊಹೆ ಬಿದ್ದಾಗ ಅದರ ಜೊತೆ ಮೂಲ ವೀಕ್ಷಣೆಯ ಬೆಲೆಯೂ ಕುಸಿಯಿತು. ವರ್ಷಗಟ್ಟಲೆ ಅದೊಂದು ವಿಚಿತ್ರ ಸಂಗತಿಯಾಗಿ ಮಾತ್ರ ಉಳಿಯಿತು.

ನನ್ನನ್ನು ಹೆಚ್ಚು ಕಾಡುವುದು 1966ರಲ್ಲಿ ಲೋವೆಲ್ ಪ್ರಕಟಿಸಿದ ಇನ್ನೊಂದು ಪ್ರಯೋಗ. ದ್ರಾವಣದಿಂದ ಕ್ಯಾಲ್ಸಿಯಂ ತೆಗೆದುಬಿಟ್ಟರೆ ಅಸಿಟೈಲ್‌ಕೋಲಿನ್ ಹಾಕಿದರೂ ಅಮೈಲೇಸ್ ಹೊರಬರಲಿಲ್ಲ. ಕೊಬ್ಬಿನ ಚಡಪಡಿಕೆ ಮಾತ್ರ ಮುಂದುವರಿಯಿತು. ಅಂದರೆ ಕೊಬ್ಬಿನಲ್ಲಾಗುವ ಬದಲಾವಣೆ ಸ್ರಾವದ ಫಲವಲ್ಲ, ಸ್ರಾವದ ಯಂತ್ರದ ಭಾಗವೂ ಅಲ್ಲದಿರಬಹುದು. ಅದು ಕ್ಯಾಲ್ಸಿಯಂಗಿಂತ ಮೊದಲಿನ ಹೆಜ್ಜೆ. ಕೀಲಿಕೈ ಅವರ ಕೈಯಲ್ಲೇ ಇತ್ತು. ಅದನ್ನು ತಿರುಗಿಸಿದವರು ಬರ್ಮಿಂಗ್‌ಹ್ಯಾಮಿನ ರಾಬರ್ಟ್ ಮಿಚೆಲ್. 1975ರ ತಮ್ಮ ದೀರ್ಘ ಸಮೀಕ್ಷೆಯಲ್ಲಿ ಅವರು ಇಂಥ ಸಾಕ್ಷ್ಯಗಳನ್ನೆಲ್ಲ ಒಟ್ಟಿಗಿಟ್ಟು, ಇನೊಸಿಟಾಲ್ ಕೊಬ್ಬು ಒಡೆಯುವುದೇ ಕೋಶದಲ್ಲಿ ಕ್ಯಾಲ್ಸಿಯಂ ಏರಲು ಕಾರಣ ಎಂದು ಪ್ರತಿಪಾದಿಸಿದರು. ಅದಕ್ಕೆ ಒಂದು ವರ್ಷ ಮೊದಲೇ ಮೇಬಲ್ (ಆಗ ಹೋಕಿನ್-ನೀವರ್‌ಸನ್) ಇಲಿಯ ಮೇದೋಜೀರಕದಲ್ಲಿ ಅಸಿಟೈಲ್‌ಕೋಲಿನ್‌ನಿಂದ ಇನೊಸಿಟಾಲ್ ಕೊಬ್ಬಿನ ಒಟ್ಟು ಪ್ರಮಾಣವೇ ತಗ್ಗುತ್ತದೆ, ಫಾಸ್ಫಾಟಿಡಿಕ್ ಆಮ್ಲದ್ದು ಏರುತ್ತದೆ ಎಂದು ತೋರಿಸಿದ್ದರು. ತಮ್ಮ ಹಳೆಯ ಅಳತೆಯ ಕೊರತೆಯನ್ನು ತಾವೇ ನೀಗಿಸಿದ ಈ ಕೆಲಸಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮುಂದಿನದು ಬೇಗ ಬೇಗ ನಡೆಯಿತು. ಕೇಂಬ್ರಿಜ್‌ನ ಮೈಕೆಲ್ ಬೆರಿಡ್ಜ್ ನೊಣದ ಲಾಲಾಗ್ರಂಥಿಯಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ಮೊದಲು ಒಡೆಯುವುದು ಪೊರೆಯಲ್ಲಿ ತೀರಾ ಕಡಿಮೆ ಇರುವ, ಎರಡು ಹೆಚ್ಚುವರಿ ಫಾಸ್ಫೇಟ್ ಹೊತ್ತ ಇನೊಸಿಟಾಲ್ ಕೊಬ್ಬು. ಅದರಿಂದ ಬಿಡುಗಡೆಯಾಗುವುದು ಇನೊಸಿಟಾಲ್ ಟ್ರೈಫಾಸ್ಫೇಟ್ ಎಂಬುದು ಸ್ಪಷ್ಟವಾಯಿತು. ಜೊತೆಗೆ ಉಳಿಯುವ ಡೈಅಸೈಲ್‌ಗ್ಲಿಸರಾಲ್ ಪ್ರೋಟೀನ್ ಕೈನೇಸ್-ಸಿ ಎಂಬ ಕಿಣ್ವವನ್ನು ಎಬ್ಬಿಸುತ್ತದೆ ಎಂದು ಜಪಾನಿನ ಕೋಬೆಯಲ್ಲಿ ಯಾಸುತೋಮಿ ನಿಶಿಜುಕಾ ಕಂಡುಕೊಂಡರು. 1983ರಲ್ಲಿ ಫ್ರಾಂಕ್‌ಫರ್ಟಿನ ಸ್ಟ್ರೆಬ್ ಮತ್ತು ಐರೀನ್ ಶುಲ್ಜ್, ಇರ್ವಿನ್ ಮತ್ತು ಬೆರಿಡ್ಜ್ ಜೊತೆ ಸೇರಿ 'ನೇಚರ್' ಪತ್ರಿಕೆಯಲ್ಲಿ ನಿರ್ಣಾಯಕ ಸಾಕ್ಷ್ಯ ಕೊಟ್ಟರು: ಪೊರೆಯಲ್ಲಿ ರಂಧ್ರ ಮಾಡಿದ ಕೋಶಗಳಿಗೆ ಇನೊಸಿಟಾಲ್ ಟ್ರೈಫಾಸ್ಫೇಟ್ ಸೇರಿಸಿದರೆ ಒಳಗಿನ ಸಂಗ್ರಹದಿಂದ ಕ್ಯಾಲ್ಸಿಯಂ ಹೊರಬರುತ್ತದೆ. ಆ ಕೋಶಗಳು ಮೇದೋಜೀರಕದವೇ. ಮೂವತ್ತು ವರ್ಷ ಹಿಂದೆ ಪ್ರಶ್ನೆ ಎದ್ದ ಅಂಗದಲ್ಲೇ ಉತ್ತರವೂ ಬಂತು.

ಈ ತಿಳಿವಳಿಕೆ ಪುಸ್ತಕದಲ್ಲೇ ಉಳಿದಿಲ್ಲ. ಆರೋಗ್ಯವಂತ ಕೋಶದಲ್ಲಿ ಕ್ಯಾಲ್ಸಿಯಂ, ಕಿಣ್ವದ ಕಣಗಳು ಕಾದುನಿಂತಿರುವ ತುದಿಯಲ್ಲಿ ಕ್ಷಣಮಾತ್ರ ಏರಿ ಇಳಿಯುತ್ತದೆ. ಕಣಗಳು ಪೊರೆಗೆ ಬೆಸೆದು ಕಿಣ್ವವನ್ನು ನಾಳಕ್ಕೆ ಸುರಿಯುತ್ತವೆ. ಮದ್ಯದಿಂದ ಹುಟ್ಟುವ ಕೊಬ್ಬಿನಾಮ್ಲದ ಎಸ್ಟರ್‌ಗಳು ಅಥವಾ ದಾರಿ ತಪ್ಪಿ ಬಂದ ಪಿತ್ತಾಮ್ಲಗಳು ಆ ಏರಿಕೆಯನ್ನು ಇಳಿಯದಂತೆ ಹಿಡಿದರೆ ಟ್ರಿಪ್ಸಿನ್ ಎಂಬ ಜೀರ್ಣಕಿಣ್ವ ಕೋಶದೊಳಗೇ ಎಚ್ಚರಗೊಂಡು ಗ್ರಂಥಿಯನ್ನೇ ಅರಗಿಸಲು ತೊಡಗುತ್ತದೆ. ತೀವ್ರ ಪ್ಯಾಂಕ್ರಿಯಾಟೈಟಿಸ್‌ನ ನೋವು ಕಂಡವರಿಗೆ ಇದು ಎಷ್ಟು ಭೀಕರ ಎಂದು ಹೇಳಬೇಕಾಗಿಲ್ಲ. ಕೋಶಕ್ಕೆ ಹೊರಗಿನಿಂದ ಕ್ಯಾಲ್ಸಿಯಂ ನುಗ್ಗುವುದನ್ನು ತಡೆಯುವ ಔಷಧಿಯನ್ನು ಇಂಥ ರೋಗಿಗಳಲ್ಲಿ ಪರೀಕ್ಷಿಸಲಾಗಿದೆ.

ಇಷ್ಟೆಲ್ಲ ತಿಳಿದ ಮೇಲೆ ಹೋಕಿನ್‌ರ 1956ರ ಊಹೆಯನ್ನು ಪೂರ್ತಿ ಬದಿಗಿಡಬಹುದೇ? ಅವರು ಹೇಳಿದ ರೂಪದಲ್ಲಿ ಅದು ತಪ್ಪೇ. ಆದರೆ 1990ರ ದಶಕದಲ್ಲಿ ಅಡ್ರಿನಲ್ ಗ್ರಂಥಿಯ ಕೋಶಗಳ ಪ್ರಯೋಗಗಳು, ಸ್ರಾವದ ಕಣಗಳು ಪೊರೆಗೆ ಬೆಸೆಯಲು ಸಜ್ಜಾಗಬೇಕಾದರೆ ಪೊರೆಯಲ್ಲಿ ಅದೇ ಇನೊಸಿಟಾಲ್ ಕೊಬ್ಬು ಒಡೆಯದೆ ಇರಬೇಕು ಎಂದು ತೋರಿಸಿವೆ. ಒಡೆದಾಗ ಸಂದೇಶ, ಇಡಿಯಾಗಿದ್ದಾಗ ಬೆಸುಗೆಗೆ ನೆಲೆ. ಕಿಣ್ವ ಹೊರಹೋಗುವ ಜಾಗದಲ್ಲಿ ಕೊಬ್ಬಿಗೆ ಸ್ವಂತ ಕೆಲಸವಿದೆ ಎಂಬ ಅವರ ಅನುಮಾನದ ಒಂದು ಅಂಶ ಹೀಗೆ ಬೇರೆ ಗ್ರಂಥಿಯಲ್ಲಿ, ಬೇರೆ ಕಾರಣಕ್ಕೆ ನಿಜವಾಯಿತು. 1956ರ ಆ ವಾದವನ್ನು ಈಗ ಮತ್ತೆ ಓದುವವರು ಅದರ ತೀರ್ಮಾನವನ್ನು ಬಿಟ್ಟು ಅದರ ಪ್ರಶ್ನೆಯನ್ನು ಇಟ್ಟುಕೊಳ್ಳಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ.