ನೋಡುವುದಕ್ಕೆ ಸೈ, ತಿದ್ದುವುದಕ್ಕೆ ಬೇಡ

ನೆಟ್‌ವರ್ಕ್ ಸಾಧನಗಳ ಮೇಲೆ ನಿಗಾ ಇಡುವ ಪ್ರೋಟೋಕಾಲ್ ಎಸ್‌ಎನ್‌ಎಂಪಿ 1988ರಲ್ಲಿ ಬಂದದ್ದು ತಾತ್ಕಾಲಿಕ ಏರ್ಪಾಡಾಗಿ. ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಒ ರೂಪಿಸುತ್ತಿದ್ದ ದೊಡ್ಡ ಪ್ರೋಟೋಕಾಲ್ ಸಿದ್ಧವಾಗುವ ತನಕ ಇದರಲ್ಲೇ ಸುಧಾರಿಸೋಣ ಎಂಬುದು ಆಗಿನ ಲೆಕ್ಕ. ಆ ದೊಡ್ಡದು ಇಂಟರ್‌ನೆಟ್‌ನಲ್ಲಿ ಬೇರೂರಲಿಲ್ಲ, ತಾತ್ಕಾಲಿಕದ್ದೇ ಖಾಯಂ ಆಯಿತು.

ಹಾಗಾಗಿದ್ದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಎಸ್‌ಎನ್‌ಎಂಪಿ ಬಲ್ಲ ಸ್ವಿಚ್ ಯಾವ ಕಂಪನಿಯದಾದರೂ ಸರಿ, 1.3.6.1.2.1.2.2.1.8 ಎಂಬ ವಿಳಾಸದ ಕೊನೆಗೆ ಸ್ವಿಚ್ ಪೋರ್ಟಿಗೆ ಕೊಟ್ಟ ಕ್ರಮಾಂಕ ಸೇರಿಸಿ ಕೇಳಿ. ಆ ಪೋರ್ಟಿನ ಸ್ಥಿತಿ ತಿಳಿಯುತ್ತದೆ. 1 ಎಂದರೆ ಚಾಲೂ, 2 ಎಂದರೆ ಬಂದ್. ಸ್ವಿಚ್‌ಗೆ ಹೆಚ್ಚಿನ ಹೊರೆಯಿಲ್ಲ, ಪ್ರಶ್ನೆಗೆ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಇಷ್ಟು ಅಗ್ಗದ, ಇಷ್ಟು ಸಾರ್ವತ್ರಿಕವಾದ ಇನ್ನೊಂದು ಒಪ್ಪಂದ ನೆಟ್‌ವರ್ಕ್ ಜಗತ್ತಿನಲ್ಲಿ ಅಪರೂಪ.

ಆದರೆ ಬಂದ ಉತ್ತರವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಪೋರ್ಟಿನಲ್ಲಿ ಹಾದುಹೋದ ಬೈಟ್‌ಗಳನ್ನು ಎಣಿಸುವ ಹಳೆಯ ಕೌಂಟರ್ 32 ಬಿಟ್‌ನದು. 429 ಕೋಟಿ ಚಿಲ್ಲರೆ ಮುಟ್ಟಿದ ಕೂಡಲೇ ಸೊನ್ನೆಗೆ ಮರಳುತ್ತದೆ. ತುಂಬಿ ಹರಿಯುವ 10 ಎಂಬಿಪಿಎಸ್ ಲಿಂಕಿನಲ್ಲಿ ಹೀಗಾಗಲು 57 ನಿಮಿಷ ಬೇಕಿತ್ತು, 1 ಜಿಬಿಪಿಎಸ್‌ನಲ್ಲಿ 34 ಸೆಕೆಂಡು ಸಾಕು. ಐದು ನಿಮಿಷಕ್ಕೊಮ್ಮೆ ಓದುವ ವಾಡಿಕೆಯಲ್ಲಿ ನಡುವೆ ಎಂಟು ಸಲ ಸುತ್ತು ಹೊಡೆದಿರಬಹುದು. ಆಗ ಪರದೆಯ ಮೇಲಿನ ಗ್ರಾಫ್ ಅಂದವಾಗಿ ಸುಳ್ಳು ಹೇಳುತ್ತದೆ. 64 ಬಿಟ್ ಕೌಂಟರ್ ಬಂದು ಬಹಳ ಕಾಲವಾಯಿತು, ಆದರೆ ಮೊದಲ ಆವೃತ್ತಿಯ ಎಸ್‌ಎನ್‌ಎಂಪಿ ಅದನ್ನು ಹೊತ್ತು ತರಲಾರದು. ‘ಲಿಂಕ್ ಖಾಲಿಯಿದೆ, ಆದರೂ ನಿಧಾನ’ ಎಂಬ ದೂರು ಬಂದಾಗ ಮೊದಲು ಕೌಂಟರ್ ಯಾವುದೆಂದು ನೋಡುವುದು ಒಳ್ಳೆಯದು.

ಟ್ರ್ಯಾಪ್‌ಗಳ ಕಥೆ ಇನ್ನೂ ವಿಚಿತ್ರ. ಕೆಟ್ಟ ಸುದ್ದಿಯನ್ನು ಸ್ವಿಚ್ ತಾನಾಗಿ ಕಳಿಸುವ ಸಂದೇಶ ಅದು. ತಲುಪಿತೇ ಎಂದು ಸ್ವಿಚ್ ವಿಚಾರಿಸುವುದಿಲ್ಲ. ಇರುವ ಒಂದೇ ಅಪ್‌ಲಿಂಕ್ ಬಿದ್ದರೆ, ಬಿದ್ದ ಸುದ್ದಿ ಹೋಗಬೇಕಾದ ದಾರಿಯೂ ಅದೇ!

ಓದುವ ಕೆಲಸಕ್ಕೆ ಇಷ್ಟು ತಕರಾರಿದ್ದರೆ ಸೆಟ್ಟಿಂಗ್ ಬದಲಿಸುವ ಕೆಲಸದಲ್ಲಿ ಎಸ್‌ಎನ್‌ಎಂಪಿ ನೇರವಾಗಿ ಸೋತಿದೆ. ನೆಟ್‌ವರ್ಕ್ ನಡೆಸುವವರು 2002ರ ಸಭೆಯೊಂದರಲ್ಲಿ ಇದನ್ನು ಪ್ರೋಟೋಕಾಲ್ ಬರೆಯುವವರ ಎದುರೇ ಹೇಳಿದರು: ನಿಗಾ ಇಡಲು ಇದನ್ನು ಬಳಸುತ್ತೇವೆ, ಕಾನ್ಫಿಗರ್ ಮಾಡಲು ಕಮಾಂಡ್ ಲೈನ್‌ಗೇ ಹೋಗುತ್ತೇವೆ. ಆ ಅಸಮಾಧಾನದ ಫಲವಾಗಿ ಕಾನ್ಫಿಗರ್ ಮಾಡಲೆಂದೇ 2006ರಲ್ಲಿ ನೆಟ್‌ಕಾನ್ಫ್ ಎಂಬ ಪ್ರೋಟೋಕಾಲ್ ಬಂತು.

ಭದ್ರತೆಯ ಮಾತು ಚಿಕ್ಕದು, ಕಹಿಯಾದದ್ದು. ಮೊದಲೆರಡು ಆವೃತ್ತಿಗಳಲ್ಲಿ ‘ಪಬ್ಲಿಕ್’, ‘ಪ್ರೈವೇಟ್’ ಎಂಬಂಥ ಕಮ್ಯುನಿಟಿ ಪದಗಳೇ ಪಾಸ್‌ವರ್ಡ್, ಅವೂ ತಂತಿಯ ಮೇಲೆ ಯಾರೂ ಓದಬಹುದಾದಂತೆ ಬಯಲಾಗಿ ಓಡುತ್ತವೆ. ಗುರುತು ಪರೀಕ್ಷಿಸಿ ಗೂಢಲಿಪಿಯಲ್ಲಿ ಮಾತಾಡಬಲ್ಲ ಮೂರನೆಯ ಆವೃತ್ತಿ 2002ರಲ್ಲೇ ಪೂರ್ಣ ಮಾನದಂಡವಾಯಿತು. ಹಾಗಿದ್ದೂ 2021ರಲ್ಲಿ ರಷ್ಯದ ಬೇಹುಗಾರರು ದುರ್ಬಲ ಎಸ್‌ಎನ್‌ಎಂಪಿಯ ಮೂಲಕ ಸಿಸ್ಕೋ ರೂಟರ್‌ಗಳಿಗೆ ನುಗ್ಗಿದ್ದರೆಂದು ಬ್ರಿಟನ್ ಮತ್ತು ಅಮೆರಿಕದ ಸಂಸ್ಥೆಗಳು 2023ರಲ್ಲಿ ಎಚ್ಚರಿಸಬೇಕಾಯಿತು.

ಹಾಗೆಂದು ಎಸ್‌ಎನ್‌ಎಂಪಿಯನ್ನು ಕಿತ್ತೆಸೆಯಬೇಕಿಲ್ಲ. ಮೂರನೆಯ ಆವೃತ್ತಿಗೆ ಬನ್ನಿ, ಬರೆಯುವ ಅನುಮತಿ ಮುಚ್ಚಿ, 64 ಬಿಟ್ ಕೌಂಟರ್ ಓದಿ. ‘ಪಬ್ಲಿಕ್’ ಇನ್ನೂ ಯಾವುದಾದರೂ ಸ್ವಿಚ್‌ನಲ್ಲಿ ಉಳಿದಿದ್ದರೆ ಇವತ್ತೇ ತೆಗೆಯಿರಿ.