ಗಣಕದ ಕಾರ್ಯಾಚರಣ ವ್ಯವಸ್ಥೆ ಮತ್ತು ವಾಹನೋಪಮೆ: ಒಂದು ವಿವೇಚನೆ

ಉಪಮೇಯ, ಉಪಮಾನ, ಸಮಾನಧರ್ಮ, ವಾಚಕ ಎಂಬ ನಾಲ್ಕು ಅಂಗಗಳಿಂದ ಉಪಮೆಯು ಪೂರ್ಣವಾಗುವುದೆಂದು ನಮ್ಮ ಆಲಂಕಾರಿಕರು ಹೇಳಿದ್ದಾರೆ. ಕಾವ್ಯದಲ್ಲಿ ಉಪಮೆಯ ಪ್ರಯೋಜನ ಸೌಂದರ್ಯ. ಶಾಸ್ತ್ರದಲ್ಲಿ ಅದರ ಪ್ರಯೋಜನ ತಿಳಿವಳಿಕೆ. ಆದುದರಿಂದ ಶಾಸ್ತ್ರವಿಷಯಕ್ಕೆ ತಂದ ಉಪಮೆಯನ್ನು ಪರೀಕ್ಷಿಸುವಾಗ ಅದು ಎಷ್ಟು ರಮ್ಯವೆಂಬುದಕ್ಕಿಂತ, ಏನನ್ನು ತೋರಿಸುತ್ತದೆ, ಏನನ್ನು ಮರೆಸುತ್ತದೆ ಎಂಬುದನ್ನೇ ಮುಖ್ಯವಾಗಿ ನೋಡಬೇಕು. ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಗಳ, ಎಂದರೆ ಆಪರೇಟಿಂಗ್ ಸಿಸ್ಟಂಗಳ, ಬೆಳವಣಿಗೆಯನ್ನು ಮೋಟಾರು ವಾಹನಗಳಿಗೆ ಹೋಲಿಸುವ ವಾಡಿಕೆಯೊಂದಿದೆ. ಅದನ್ನು ಈ ದೃಷ್ಟಿಯಿಂದ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಹೋಲಿಕೆಯ ಪ್ರಸಿದ್ಧ ರೂಪವು ಅಮೆರಿಕದ ಕಾದಂಬರಿಕಾರ ನೀಲ್ ಸ್ಟೀಫನ್‌ಸನ್ 1999ರಲ್ಲಿ ಪ್ರಕಟಿಸಿದ ‘ಇನ್ ದ ಬಿಗಿನಿಂಗ್ ವಾಸ್ ದ ಕಮಾಂಡ್ ಲೈನ್’ ಎಂಬ ಪ್ರಬಂಧದಲ್ಲಿದೆ. ಒಂದು ಕೂಡುರಸ್ತೆ, ಅಲ್ಲಿ ನಾಲ್ಕು ವಾಹನದಂಗಡಿಗಳು. ಮೈಕ್ರೋಸಾಫ್ಟ್ ಮೊದಲು ಮಾರಿದ್ದು ಸೈಕಲ್ಲು. ಅದು 1981ರ ಎಂ.ಎಸ್.-ಡಾಸ್. ಆ್ಯಪಲ್ 1984ರಲ್ಲಿ ತಂದ ಮ್ಯಾಕಿಂಟಾಷ್ ಅಂದವಾದ ಕಾರು. ಆದರೆ ಒಳಗಿನ ಯಂತ್ರವನ್ನು ಕೊಂಡವನು ನೋಡುವಂತಿಲ್ಲ. ಇದಕ್ಕೆ ಉತ್ತರವಾಗಿ ಸೈಕಲ್ಲಿಗೆ ಮೋಟಾರು ಕಟ್ಟಿದ್ದೇ 1985ರ ವಿಂಡೋಸ್. ಮುಂದೆ 1995ರಲ್ಲಿ ಬಂದ ವಿಂಡೋಸ್ 95 ಚೆಲುವಿಲ್ಲದ, ಆದರೆ ಎಲ್ಲರೂ ಕೊಂಡ ದೊಡ್ಡ ವ್ಯಾಗನ್ನು. ಬಿ-ಓಎಸ್ ಚಿತ್ರಕಥೆಯ ನಾಯಕನಿಗೆ ತಕ್ಕ ಅದ್ಭುತ ವಾಹನ. ಬಯಲಿನಲ್ಲಿ ಬಿಡಾರ ಹೂಡಿದ ಸ್ವಯಂಸೇವಕರು ಕಟ್ಟಿ, ಬೀಗದಕೈಸಮೇತ ಪುಕ್ಕಟೆ ಕೊಡುವ ಟ್ಯಾಂಕು ಲಿನಕ್ಸ್. ಆದರೂ ಗಿರಾಕಿಗಳು ವ್ಯಾಗನ್ನಿನ ಅಂಗಡಿಗೇ ಹೋಗುತ್ತಾರೆ.

ಈ ಉಪಮೆಯ ಗುಣ ಸಣ್ಣದಲ್ಲ. ಉತ್ತಮವಾದದ್ದೇ ಗೆಲ್ಲುವುದೆಂಬ ನಂಬಿಕೆಯನ್ನು ಅದು ನಗುನಗುತ್ತಲೇ ಅಲುಗಿಸುತ್ತದೆ. ಒಳಗನ್ನು ನೋಡಬಾರದ ಕಾರಿನ ಚಿತ್ರದಿಂದ, ಮೂಲಕ್ರಮಲೇಖವನ್ನು ಬಚ್ಚಿಡುವುದೆಂದರೇನೆಂಬುದು ಗಣಿತವರಿಯದವನಿಗೂ ಸ್ಪಷ್ಟವಾಗುತ್ತದೆ. ಆದರೆ ದೋಷಗಳೂ ಇವೆ.

ಮೊದಲನೆಯದು ವಂಶಾವಳಿಗೆ ಸಂಬಂಧಿಸಿದ್ದು. ಅಂಗಡಿಗಳು ಬೇರೆಬೇರೆಯಾದುದರಿಂದ ಯಂತ್ರಗಳೂ ಬೇರೆಬೇರೆಯೆಂದು ಉಪಮೆ ಸೂಚಿಸುತ್ತದೆ. 2001ರಲ್ಲಿ ಬಿ ಸಂಸ್ಥೆ ತನ್ನ ಸ್ವತ್ತನ್ನು ಮಾರಿಕೊಂಡಿತು. ಅದೇ ವರ್ಷ ಬಂದ ಮ್ಯಾಕ್ ಓಎಸ್ ಟೆನ್, 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯೂನಿಕ್ಸ್ ಪರಂಪರೆಯ ತಳಹದಿಯ ಮೇಲೆ ನಿಂತಿತು. 2008ರಿಂದ ಮಾರುಕಟ್ಟೆಗೆ ಬಂದ ಆಂಡ್ರಾಯ್ಡ್ ಫೋನುಗಳ ತಿರುಳು ಲಿನಕ್ಸೇ. ಯಾರೂ ಕೊಳ್ಳದ ಟ್ಯಾಂಕಿನ ಯಂತ್ರ ಈಗ ಪರರ ಹೆಸರಿನಲ್ಲಿ ಎಲ್ಲರ ಜೇಬಿನಲ್ಲಿದೆ.

ಎರಡನೆಯದು ಔಚಿತ್ಯದ ದೋಷ. ಕಠೋಪನಿಷತ್ತಿನ ರಥರೂಪಕದಲ್ಲಿ ಶರೀರವು ರಥ, ಬುದ್ಧಿಯು ಸಾರಥಿ, ಮನಸ್ಸು ಕಡಿವಾಣ, ಇಂದ್ರಿಯಗಳು ಕುದುರೆಗಳು, ಆತ್ಮನು ರಥಿಕ. ಒಂದೊಂದು ಅಂಗಕ್ಕೂ ಅದರದೇ ಸ್ಥಾನವಿದೆ. ಕಾರ್ಯಾಚರಣ ವ್ಯವಸ್ಥೆ ಮಾಡುವುದೇನು? ಸ್ಮೃತಿಕೋಶವನ್ನೂ ಸಂಸ್ಕಾರಕದ ಕಾಲವನ್ನೂ ಕಡತಗಳನ್ನೂ ಹಲವು ಕ್ರಮವಿಧಿಗಳಿಗೆ ಹಂಚಿ, ಒಂದು ಇನ್ನೊಂದನ್ನು ಕೆಡಿಸದಂತೆ ನಡೆಸುತ್ತದೆ. ಅದು ಸಾರಥ್ಯ. ರಥವೆನ್ನಬೇಕಾದುದು ಯಂತ್ರವನ್ನು. ಕಾರಿನ ಉಪಮೆಯಲ್ಲಿ ಸಾರಥಿಯು ರಥದಲ್ಲಿ ಲೀನನಾಗಿ, ರಥಿಕನು ಬರಿಯ ಗಿರಾಕಿಯಾಗುತ್ತಾನೆ.

ಮೂರನೆಯ ದೋಷವೇ ನಮಗೆ ಮುಖ್ಯ. ಹಾಸನದ ಸಮೀಪದ ಶಾಂತಿಗ್ರಾಮದಲ್ಲಿ ಬೆಂಗಳೂರು–ಮಂಗಳೂರು ಹೆದ್ದಾರಿಯ ಬದಿಗೆ ನಿಂತು ನೋಡಿದರೆ, ಯಾವ ಕಂಪನಿಯ ವಾಹನವೂ ಅದೇ ರಸ್ತೆಯಲ್ಲಿ ಹೋಗುತ್ತದೆ. ಒಂದರ ಮೂಟೆಯನ್ನು ಇನ್ನೊಂದಕ್ಕೆ ಹೇರಿದರೆ ಮೂಟೆ ಕೆಡುವುದಿಲ್ಲ. ಗಣಕಗಳ ನಡುವೆ ಕನ್ನಡಕ್ಕೆ ಈ ಸೌಕರ್ಯ ಬಹುಕಾಲ ಇರಲಿಲ್ಲ. ಕಾರ್ಯಾಚರಣ ವ್ಯವಸ್ಥೆಗಳು ಕನ್ನಡವನ್ನು ಅರಿಯದಿದ್ದಾಗ ಶ್ರೀಲಿಪಿ, 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮೊದಲಾದ ತಂತ್ರಾಂಶಗಳು ತಲೆಕಟ್ಟು, ಗುಡಿಸು, ಒತ್ತುಗಳ ತುಣುಕುಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಇರಿಸಿ ನಮಗೆ ಬರವಣಿಗೆಯನ್ನು ಒದಗಿಸಿದವು. ಆ ಉಪಕಾರ ದೊಡ್ಡದು. ಆದರೆ ಆ ಸ್ಥಾನಗಳು ಎಲ್ಲದರಲ್ಲೂ ಒಂದೇ ಆಗಿರಲಿಲ್ಲ; ತಕ್ಕ ಅಕ್ಷರಶೈಲಿಯಿಲ್ಲದ ಗಣಕದಲ್ಲಿ ಕನ್ನಡ ಲೇಖನವು ಅರ್ಥವಿಲ್ಲದ ರೋಮನ್ ಅಕ್ಷರರಾಶಿಯಾಗುತ್ತಿತ್ತು.

ಇದಕ್ಕೆ ತಕ್ಕ ಉಪಮಾನ ರಸ್ತೆಯಲ್ಲ, ರೈಲುಹಳಿ. ಹಾಸನ–ಮಂಗಳೂರು ಮಾರ್ಗ 1979ರಲ್ಲಿ 1000 ಮಿಲಿಮೀಟರಿನ ಮೀಟರ್ ಗೇಜಿನಲ್ಲಿ ತೆರೆಯಿತು. ಅದನ್ನು 1676 ಮಿಲಿಮೀಟರಿನ ಬ್ರಾಡ್ ಗೇಜಿಗೆ ಬದಲಿಸುವಾಗ ಸಂಚಾರ ಹಲವು ವರ್ಷ ನಿಂತು, ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಹಳಿಯ ಅಗಲ ಬೇರೆಯಾದರೆ ಬಂಡಿ ಎಷ್ಟು ಚೆನ್ನಾಗಿದ್ದರೂ ಮುಂದೆ ಹೋಗದು. ಕನ್ನಡಕ್ಕೆ ಆ ಏಕರೂಪದ ಹಳಿ ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾದವು. ಅಲ್ಲಿ ಸಂಖ್ಯೆ ಸಿಕ್ಕಿದ್ದು ಅಕ್ಷರದ ತುಣುಕಿಗಲ್ಲ, ಅಕ್ಷರಕ್ಕೆ. ವಿಂಡೋಸಿನಲ್ಲಿ ಅದಕ್ಕೆ ಆಧಾರ ದೊರೆತದ್ದು 2001ರ ಎಕ್ಸ್‌ಪಿಯಲ್ಲಿ. ಹಳಿ ಹಾಕಿದ ಹತ್ತು ವರ್ಷಕ್ಕೆ ಬಂಡಿ ಬಂದಿತು.

ಗಮನಿಸತಕ್ಕ ಇನ್ನೊಂದು ಸಂಗತಿಯಿದೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವು ನುಡಿಯಲ್ಲಿ ಬಳಕೆಯಾಗಿ, ‘ಕಗಪ’ ಎಂಬ ಹೆಸರಿನಿಂದ ಲಿನಕ್ಸಿನಲ್ಲಿಯೂ ನೆಲೆಸಿದೆ. ವಾಹನ ಬದಲಾದರೂ ಕೈಯ ಅಭ್ಯಾಸ ಉಳಿದಿದೆ.

ಆದ್ದರಿಂದ ಸ್ಟೀಫನ್‌ಸನ್ನರ ಉಪಮೆಯು ಮಾರುಕಟ್ಟೆಯ ಚರಿತ್ರೆಗೆ ಸಾಕು, ಭಾಷೆಯ ಚರಿತ್ರೆಗೆ ಸಾಲದು ಎಂದು ನಿರ್ಣಯಿಸಬಹುದು. ಯಾವ ಕಾರು ಮೇಲೆಂಬುದು ಕೊಳ್ಳುವವನ ಪ್ರಶ್ನೆ. ಹೇರಿದ ಸರಕು ಊರು ಸೇರುವುದೇ ಎಂಬುದು ಬರೆಯುವವನ ಪ್ರಶ್ನೆ. ಹಳೆಯ ಸಂಕೇತಗಳಲ್ಲಿ ಬೆರಳಚ್ಚಾದ ಪ್ರಬಂಧ, ಪದಕೋಶ, ಶಾಸನಪಾಠಗಳು ನಮ್ಮ ಕಾಲೇಜುಗಳಲ್ಲಿ ಇನ್ನೂ ಇವೆ. ಅವುಗಳಲ್ಲಿ ಒಂದು ಕನ್ನಡ ಪದವನ್ನು ಹುಡುಕಿದರೆ ಗಣಕಕ್ಕೆ ಅದು ಕನ್ನಡವೆಂದೇ ತಿಳಿಯದು. ಪರಿವರ್ತಕಗಳು ದೊರೆಯುತ್ತವೆ; ಆದರೆ ಪರಿವರ್ತಿಸಿದ ಪಾಠವನ್ನು ಮೂಲದೊಡನೆ ಹೋಲಿಸಿ ತಿದ್ದಬೇಕಾದವರು ಭಾಷೆ ಬಲ್ಲ ಅಧ್ಯಾಪಕರು, ವಿದ್ಯಾರ್ಥಿಗಳು. ಗ್ರಂಥಸಂಪಾದನೆಯ ಪರಿಶ್ರಮ ಓಲೆಗರಿಗೆ ಮಾತ್ರ ಸಲ್ಲುವುದಲ್ಲ, ಈ ಕಡತಗಳಿಗೂ ಸಲ್ಲುತ್ತದೆ.