‘ಕಾನಿಕೋಸೆನ್’: ನಾಯಕನಿಲ್ಲದ ಕಥೆಯಲ್ಲಿ ರಸವಿಚಾರ

ಜಪಾನೀ ಲೇಖಕರಾದ ಕೊಬಾಯಾಶಿ ತಾಕಿಜಿಯವರು 1929ರಲ್ಲಿ ಪ್ರಕಟಿಸಿದ ‘ಕಾನಿಕೋಸೆನ್’ ಎಂಬ ಕಥೆಯನ್ನು ಈಚೆಗೆ ಆಂಗ್ಲಾನುವಾದದಲ್ಲಿ ಓದಿದೆನು. ಏಡಿಯನ್ನು ಡಬ್ಬಿಗೆ ತುಂಬುವ ಹಡಗೆಂದು ಹೆಸರಿನ ಅರ್ಥ. ಇದರಲ್ಲಿ ನಾಯಕನಿಲ್ಲ, ಆದ್ಯಂತವೂ ಜುಗುಪ್ಸೆಯೇ ತುಂಬಿದೆ. ಆದುದರಿಂದ ಇದು ಕಾವ್ಯವಲ್ಲವೆಂದು ಮಿತ್ರರೊಬ್ಬರು ಆಕ್ಷೇಪಿಸಿದರು. ನಾನೂ ಮೊದಲು ಹಾಗೆಯೇ ಎಣಿಸಿದ್ದೆನು.

ಹಕೊದಾತೆ ಬಂದರಿನಿಂದ ಹಳೆಯ ಹಡಗೊಂದು ಕಾಮ್ಚಾಟ್ಕಾದ ಕಡಲಿಗೆ ಹೊರಡುತ್ತದೆ. ಅಲ್ಲಿ ಬೆಸ್ತರು ಹಡಗಿನಿಂದ ಇಳಿಬಿಟ್ಟ ಚಿಕ್ಕ ದೋಣಿಗಳಲ್ಲಿ ಹೋಗಿ, ಬಲೆಗಳಲ್ಲಿ ತೊಡಕಿಕೊಂಡ ಏಡಿಗಳನ್ನು ತರುವರು. ಹಡಗಿನಲ್ಲಿಯೇ ಅವನ್ನು ಬೇಯಿಸಿ, ಮಾಂಸವನ್ನು ಬಿಡಿಸಿ, ಡಬ್ಬಿಗಳಲ್ಲಿ ತುಂಬುವರು. ಹಿಡಿಯುವುದೂ ತುಂಬುವುದೂ ಒಂದೆಡೆ ನಡೆಯುವ ಈ ಪದ್ಧತಿಯಲ್ಲಿಯೇ ಕಥೆಯ ಬೀಜವಿದೆ. ಕಾರ್ಖಾನೆಯಾದುದರಿಂದ ಅದಕ್ಕೆ ನೌಕಾಶಾಸನವು ಅನ್ವಯಿಸದು. ಕಡಲಿನಲ್ಲಿರುವುದರಿಂದ ಕಾರ್ಖಾನೆಯ ಶಾಸನವೂ ಅನ್ವಯಿಸದು. (ನಮ್ಮ ತಾರ್ಕಿಕರಿಗೂ ಇಂತಹ ಯುಕ್ತಿ ಹೊಳೆಯಲಾರದು!) ಚಿಚಿಬು ಮಾರು ಎಂಬ ಹಡಗು ಮುಳುಗುತ್ತ ಮೊರೆಯಿಟ್ಟಾಗ, ಮೇಲ್ವಿಚಾರಕನಾದ ಅಸಕಾವನು ನೆರವಿಗೆ ಹೋಗಗೊಡುವುದಿಲ್ಲ; ಹೊತ್ತು ಹಾಳಾಗುವುದಲ್ಲವೆ!

ಈ ಅಸಕಾವನಿಗೆ ಹೆಸರುಂಟು. ದುಡಿಯುವವರಲ್ಲಿ ಬಹುಮಂದಿಗೆ ಹೆಸರೇ ಇಲ್ಲ. ಇದನ್ನು ನಾನು ದೋಷವೆನ್ನಲಾರೆ. ಡಬ್ಬಿಗಳಂತೆ ಆಳುಗಳನ್ನೂ ಲೆಕ್ಕಕ್ಕೆ ಮಾತ್ರ ಹಿಡಿಯುವ ಹಡಗಿನಲ್ಲಿ ಹೆಸರಿಲ್ಲದಿರುವುದೇ ಧ್ವನಿ. ಧೀರೋದಾತ್ತನೊಬ್ಬನನ್ನು ಅಲ್ಲಿ ನಿಲ್ಲಿಸಿದ್ದರೆ ವಸ್ತುವೇ ಕೆಡುತ್ತಿತ್ತು. ಇನ್ನು ರಸದ ಮಾತು. ಬೀಭತ್ಸದಿಂದ ಭಯಾನಕವು ಹುಟ್ಟುವುದೆಂದು ಭರತನ ಮತ. ಹೇನು, ದುರ್ಗಂಧ, ಬೆರಿಬೆರಿ ರೋಗದ ಸಾವು ಇವು ಕಥೆಯ ಪೂರ್ವಭಾಗದಲ್ಲಿ ಕೇವಲ ಭಯವನ್ನೇ ಬೆಳೆಸುತ್ತವೆ. ಆದರೆ ಎಲ್ಲರ ಭಯವೂ ಒಂದೇ ಎಂದು ಆಳುಗಳು ಅರಿತ ಕ್ಷಣದಲ್ಲಿ ಅದು ಉತ್ಸಾಹವಾಗಿ ತಿರುಗುತ್ತದೆ. ಭಯಾನಕದಿಂದ ವೀರವು ಏಳುವ ಈ ಕ್ರಮವನ್ನು ನಮ್ಮ ಲಾಕ್ಷಣಿಕರು ಹೇಳಿಲ್ಲ. ಲಕ್ಷ್ಯವನ್ನು ಕಂಡು ಲಕ್ಷಣವನ್ನು ವಿಸ್ತರಿಸುವುದೇ ನ್ಯಾಯ.

ಇಂದು ಅಲಾಸ್ಕದ ಕಡಲಿನಲ್ಲಿ ದೊಡ್ಡ ಏಡಿಗಳನ್ನು ಉಕ್ಕಿನ ಪಂಜರಗಳಿಂದ ಹಿಡಿಯುವರು; ಬೇರಿಂಗ್ ಸಮುದ್ರದಲ್ಲಿ 2005ರಿಂದ ಹಿಡಿಯುವವರಿಗೆ ಪಾಲುಗಳನ್ನೂ ಗೊತ್ತುಮಾಡಿದ್ದಾರೆ. ವಿಧಾನಗಳು ಹೀಗೆ ಮಾರ್ಪಟ್ಟ ಮೇಲೂ, 2008ರಲ್ಲಿ ಜಪಾನಿನವರು ಈ ಪುಸ್ತಕವನ್ನು ಲಕ್ಷಗಟ್ಟಲೆ ಕೊಂಡು ಓದಿದರು. ಬಲೆಯ ವರ್ಣನೆಗಾಗಿ ಕೊಳ್ಳಲಿಲ್ಲವೆಂಬುದು ಸ್ಪಷ್ಟ.

ಒಂದು ದೋಷವನ್ನು ಮಾತ್ರ ಮುಚ್ಚಲಾರೆ. ಮುಷ್ಕರದ ಮುಂದಾಳುಗಳನ್ನು ಯುದ್ಧನೌಕೆಯವರು ಹಿಡಿದೊಯ್ದ ಮೇಲೆ, ಉಳಿದವರು ಮತ್ತೊಮ್ಮೆ ಏಳಲು ನಿಶ್ಚಯಿಸುವಲ್ಲಿ ಕಥೆ ಮುಗಿಯಿತು. ಅಲ್ಲಿಗೆ ನಿಲ್ಲದೆ ಗ್ರಂಥಕರ್ತರು ಅನುಬಂಧವೊಂದನ್ನು ಸೇರಿಸಿ, ಮುಂದೇನಾಯಿತೆಂಬುದನ್ನು ವರದಿಯಂತೆ ಒಪ್ಪಿಸಿರುವರು. ವ್ಯಂಗ್ಯವಾಗಿದ್ದುದು ವಾಚ್ಯವಾಯಿತು. ಪಾಠ ಹೇಳುವವರು ಆ ಭಾಗವನ್ನು ಮೊದಲ ಓದಿನಲ್ಲಿ ಬಿಟ್ಟು, ವಿದ್ಯಾರ್ಥಿಗಳು ಕೇಳಿದರೆ ಮಾತ್ರ ತೋರಿಸಬಹುದು.